ತಲುಪುವ ಮೊದಲೇ ಹಸಿರು ಗುರುತು

ಹೊಸನಗರದ ಕಲ್ಯಾಣ ಮಂಟಪದಲ್ಲಿ ಕಣ್ಣಿನ ಶಿಬಿರ. ಬೆಳಿಗ್ಗೆ ಒಂಬತ್ತಕ್ಕೇ ವರಾಂಡದ ತುಂಬ ಜನ. ಇಲ್ಲಿ ತಪಾಸಣೆ ಮುಗಿದವರನ್ನು ಮಧ್ಯಾಹ್ನ ವ್ಯಾನಿನಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಗೆ ಕರೆದೊಯ್ದು ಪೊರೆ ತೆಗೆಯುವ ಏರ್ಪಾಡು. ಸಾಗರದ ಒಂದು ಪುಟ್ಟ ವೆಬ್‌ಸೈಟ್ ಕಂಪನಿಯ ಭವ್ಯಾ ಫೋಟೊ ತೆಗೆಯಲು ಬಂದಿದ್ದಳು. ಶಿಬಿರಕ್ಕೆ ಹೆಸರು ಕೊಡುವ ಪುಟವನ್ನು ಬರೆದವಳು ಅವಳೇ. ಹೆಸರು, ಊರು, ವಯಸ್ಸು ತುಂಬಿ ಬಟನ್ ಒತ್ತಿದರೆ ಸಾಕು, ದೊಡ್ಡದೊಂದು ಹಸಿರು ಗುರುತು ಮೂಡಿ 'ನೋಂದಣಿಯಾಗಿದೆ' ಎನ್ನುತ್ತಿತ್ತು. ಆ ಹಸಿರನ್ನು ಆರಿಸಲು ಅವಳು ಅರ್ಧ ದಿನ ಕಳೆದಿದ್ದಳು. ಎಳೆ ಹಸಿರೋ, ಕಡು ಹಸಿರೋ ಎಂದು ಆಫೀಸಿನಲ್ಲಿ ಎಲ್ಲರ ತಲೆ ತಿಂದಿದ್ದಳು.

ಶಿಬಿರ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ಮುಕುಂದಯ್ಯನವರು ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತಿದ್ದರು. ಮೇಷ್ಟರಾಗಿ ನಿವೃತ್ತರಾದವರು, ಹಾಜರಿ ಕೂಗುವ ಗತ್ತು ಇನ್ನೂ ಹೋಗಿರಲಿಲ್ಲ.

"ದುಗ್ಗಮ್ಮ, ವಯಸ್ಸು ಎಪ್ಪತ್ತೆರಡು... ಇಲ್ಲವಲ್ಲ!"

"ಸರಿಯಾಗಿ ನೋಡ್ರೀ," ಎಂದಳು ಮುದುಕಿಯ ಕೈ ಹಿಡಿದು ನಿಂತಿದ್ದ ಸೊಸೆ ಯಶೋಧಾ. "ನಾನೇ ಹಾಕಿದ್ದು. ಇಲ್ ನೋಡಿ, ಮೊಬೈಲಾಗೆ ಫೋಟೊ ಇಟ್ಕಂಡೀನಿ."

ಮುಕುಂದಯ್ಯನವರು ಮೊಬೈಲನ್ನು ದೂರ ಹಿಡಿದು ನೋಡಿದರು. "ಈಗೆಲ್ಲ ಮೊಬೈಲಿನಲ್ಲಿ ಎಂತ ಬೇಕಾದ್ರೂ ಮಾಡ್ತಾರೆ ಕಣಮ್ಮ. ಪಟ್ಟಿಯಲ್ಲಿ ಇಲ್ಲ ಅಂದ್ರೆ ಇಲ್ಲ. ಮುಂದಿನ ಶಿಬಿರಕ್ಕೆ ಬನ್ನಿ."

"ಮುಂದಿಂದು ಆರು ತಿಂಗ್ಳಿಗಂತೆ! ನಮ್ಮತ್ತೆಗೆ ಒಂದು ಕಣ್ಣು ಹೋಗೇ ಬಿಟ್ಟೈತೆ. ಇನ್ನೊಂದ್ರಾಗೆ ನನ್ನ ಮುಖಾನೂ ಸರಿ ಕಾಣಲ್ಲ. ಮೊನ್ನೆ ಒಲೆಗೆ ಕೈ ಇಟ್ಟು ಸುಟ್ಕಂಡ್ರು. ಆರು ತಿಂಗ್ಳು ಹೆಂಗೆ ಕಾಯಾದು? ನಮ್ಮೂರಾಗೆ ಸಿಗ್ನಲ್ ಸಿಗೋದು ಗುಡ್ಡದ ತಿರುವಿನಾಗೆ ಮಾತ್ರ. ಅಲ್ಲಿ ಹತ್ತಿ ನಿಂತು ಹಾಕಿದ್ದು. ನಮ್ಮದಷ್ಟೇ ಅಲ್ಲ, ಕೇರಿಯ ಇನ್ನೂ ಐದು ಜನದ್ದು. ಒಂದಾದ್ಮೇಲೆ ಒಂದು ಹಸಿರು ಬಂತು, ಇಳ್ದು ಬಂದೆ. ಹಸಿರು ಬಂದ್ಮೇಲೆ ಮತ್ತೆಂತಕ್ಕೆ ಅಲ್ಲಿ ನಿಲ್ಲಾದು?"

"ಬಾರೇ, ಸಾಕು," ಎಂದು ದುಗ್ಗಮ್ಮ ಸೊಸೆಯ ಸೆರಗು ಜಗ್ಗಿದಳು. "ಸುಳ್ಳು ಹೇಳ್ಕಂಡು ಬಂದೋರು ಅನ್ನಿಸ್ಕಬೇಡ. ಜನ ನೋಡ್ತಾರೆ."

ಭವ್ಯಾ ಕುತೂಹಲಕ್ಕೆಂದು ಬಗ್ಗಿ ಆ ಮೊಬೈಲನ್ನು ನೋಡಿದಳು. ಹಸಿರು ಗುರುತು ಅವಳದೇ. ಆದರೆ ಅದರ ಕೆಳಗೆ ನೋಂದಣಿ ಸಂಖ್ಯೆ ಇರಬೇಕಾದ ಜಾಗ ಖಾಲಿ. ಹೆಸರು ಟ್ರಸ್ಟಿನ ಕಂಪ್ಯೂಟರಿಗೆ ಹೋಗಿ ಸೇರಿದ ಮೇಲಷ್ಟೇ ಅಲ್ಲಿಂದ ಸಂಖ್ಯೆ ಬರುವುದು. ಸಂಖ್ಯೆ ಬಂದಿಲ್ಲವೆಂದರೆ ಹೆಸರು ಹೋಗಿಯೇ ಇಲ್ಲ. ಪಾಪ, ಈ ಹೆಂಗಸಿಗೆ ಸಂಖ್ಯೆಯ ವಿಷಯ ಯಾರು ಹೇಳಿದ್ದರು?

ಎರಡು ತಿಂಗಳ ಹಿಂದಿನ ಮಾತು. ಸಾಗರದ ಆಫೀಸಿನಲ್ಲಿ ಪುಟವನ್ನು ಮೊದಲು ತೋರಿಸಿದಾಗ, ಬಟನ್ ಒತ್ತಿದ ಮೇಲೆ ಪುಟ್ಟ ಚಕ್ರವೊಂದು ನಾಲ್ಕು ಸೆಕೆಂಡು ತಿರುಗಿ ಆಮೇಲೆ ಹಸಿರಾಗುತ್ತಿತ್ತು. "ಇದೆಂತ ಮಾರಾಯ್ತಿ, ತಿರುಗ್ತಾನೇ ಇರ್ತದೆ? ನಮ್ಮ ಜನಕ್ಕೆ ಇಷ್ಟು ತಾಳ್ಮೆ ಎಲ್ಲಿದೆ?" ಎಂದವರು ಇದೇ ಮುಕುಂದಯ್ಯನವರು. ಅವರು ಹೊರಟ ಮೇಲೆ ಕಂಪನಿಯ ಮಾಲೀಕ ಗಿರಿಧರ, "ಒತ್ತಿದ ಕೂಡಲೇ ಹಸಿರು ತೋರಿಸಿಬಿಡು. ಹೆಸರು ಹಿಂದಿಂದ ಹೋಗ್ತಾ ಇರಲಿ" ಎಂದಿದ್ದ. ಹೋಗದಿದ್ದರೆ ಹಸಿರನ್ನು ಅಳಿಸಿ, ಹೋಗಲಿಲ್ಲ ಎಂದು ಹೇಳಲೇಬೇಕು; ಅದು ಭವ್ಯಾಳಿಗೆ ಗೊತ್ತಿರದ ಸಂಗತಿಯೇನಲ್ಲ. ಪುಟದ ಕೋಡಿನ ನಡುವೆ 'ಇದನ್ನು ಆಮೇಲೆ ಸೇರಿಸುವುದು' ಎಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದಳು. ಆಫೀಸಿನ ವೈಫೈನಲ್ಲಿ ಹತ್ತು ಸಲ ಒತ್ತಿ ನೋಡಿದಳು, ಹತ್ತೂ ಸಲ ಹೋಯಿತು. ಆ 'ಆಮೇಲೆ' ಮಾತ್ರ ಬರಲೇ ಇಲ್ಲ.

ಅವಳು ಮಂಟಪದ ಹಿಂದಿನ ನಲ್ಲಿಯ ಹತ್ತಿರ ಹೋಗಿ ಗಿರಿಧರನಿಗೆ ಫೋನ್ ಮಾಡಿದಳು. ಎಲ್ಲ ಕೇಳಿ ಅವನು ಹೇಳಿದ:

"ನೆಟ್‌ವರ್ಕ್ ಇರಲಿಲ್ಲ ಅಂತ ಹೇಳು. ಸುಳ್ಳೇನಲ್ವಲ್ಲ."

"ಅಲ್ಲಿ ನೆಟ್‌ವರ್ಕ್ ಸರಿ ಇರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಸರ್. ಹೆಸರು ಹೋಗಿಲ್ಲ ಅಂತ ಅವರಿಗೆ ಹೇಳದೇ ಇದ್ದೋಳು ನಾನು."

"ನೋಡು ಭವ್ಯಾ, ನಾನೇನು ಕಟುಕ ಅಲ್ಲ. ಆದ್ರೆ ಆ ಆಸ್ಪತ್ರೆಯ ಇಡೀ ವೆಬ್‌ಸೈಟು ನಮ್ಮ ಕೈಗೆ ಬರೋದ್ರಲ್ಲಿದೆ. ನಾವು ಮೂರು ಜನ ಅದನ್ನೇ ನಂಬ್ಕೊಂಡು ಕೂತಿದೀವಿ. ತಪ್ಪು ನಮ್ಮದು ಅಂತ ಬಾಯಿ ಬಿಟ್ರೆ ಮುಗೀತು. ಪುಟ ಇವತ್ತೇ ಸರಿ ಮಾಡೋಣ, ಯಾರಿಗೂ ಹೇಳೋದು ಬೇಡ."

ಪುಟ ಸರಿಯಾಗುತ್ತದೆ, ನಿಜ. ಆದರೆ ದುಗ್ಗಮ್ಮನ ಕಣ್ಣು? ಭವ್ಯಾ ವಾಪಸು ಬರುವಷ್ಟರಲ್ಲಿ ಅತ್ತೆ ಸೊಸೆ ಗೇಟಿನ ಹತ್ತಿರ ಹೋಗಿಯಾಗಿತ್ತು. ಯಶೋಧಾ ಅಳುತ್ತಿದ್ದಳು. ಹನ್ನೊಂದರ ಬಸ್ಸಿಗೆ ಆ ಐದು ಜನವೂ ಬಂದಿಳಿಯುವವರಿದ್ದರು. ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಸಂಕಟ ಅವಳಿಗೆ. ಭವ್ಯಾಳಿಗೆ ನಾಚಿಕೆಯಿಂದ ಮೈಯೆಲ್ಲ ಕುಗ್ಗಿ ಹೋಯಿತು. ಓಡಿ ಹೋಗಿ ಇಬ್ಬರನ್ನೂ ಕೈ ಹಿಡಿದು ಮೇಜಿನ ಮುಂದೆ ತಂದು ನಿಲ್ಲಿಸಿದಳು.

"ಸರ್, ಇವರು ಸುಳ್ಳು ಹೇಳಿಲ್ಲ. ಹೆಸರು ತಲುಪುವ ಮೊದಲೇ ತಲುಪಿತು ಅಂತ ನನ್ನ ಪುಟ ತೋರಿಸಿದೆ. ಹಾಗೆ ತೋರಿಸೋ ಹಾಗೆ ಬರೆದೋಳು ನಾನು. ಇವರಷ್ಟೇ ಅಲ್ಲ, ಇನ್ನೆಷ್ಟು ಜನರ ಹೆಸರು ಹೀಗೆ ತಪ್ಪಿಹೋಗಿದೆಯೋ ನನಗೂ ಗೊತ್ತಿಲ್ಲ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಕುಂದಯ್ಯನವರ ಮುಖ ಕೆಂಪಾಯಿತು. "ಎಂತ ಹುಡುಗಿಯಮ್ಮ ನೀನು! ಇದೇನು ಮಕ್ಕಳಾಟವಾ?" ಎಂದು ಸಿಡುಕಿದವರು, ಆ ಚಕ್ರದ ಮಾತು ನೆನಪಾಯಿತೋ ಏನೋ, ಅಲ್ಲಿಗೇ ನಿಂತರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಯಶೋಧಾಳ ಕಡೆ ನೋಡಿ, "ತಪ್ಪು ಮಾತಾಡಿಬಿಟ್ಟೆ ಕಣಮ್ಮ" ಎಂದು ಮೆಲ್ಲಗೆ ಹೇಳಿ ಡಾಕ್ಟರ ಕೋಣೆಗೆ ಎದ್ದು ಹೋದರು.

ಅವತ್ತಿನ ಅರವತ್ತು ಜಾಗ ತುಂಬಿತ್ತು. ಡಾಕ್ಟರು ಮುಂದಿನ ಗುರುವಾರ ತೀರ್ಥಹಳ್ಳಿಯಲ್ಲೇ ಇನ್ನೂ ಹದಿನೈದು ಜನರಿಗೆ ಪೊರೆ ತೆಗೆಯಲು ಒಪ್ಪಿದರು. ತಪ್ಪಿಹೋದವರು ಯಾವ್ಯಾವ ಊರಿನವರೋ ತಿಳಿಯದ ಕಾರಣ, ಎದುರಿಗಿದ್ದವರಿಗೇ ಜಾಗ ಕೊಟ್ಟರೆ ಉಳಿದವರಿಗೆ ಅನ್ಯಾಯವೆಂದು, ಅವರೆಲ್ಲ ಪುಟದಲ್ಲೇ ಮತ್ತೆ ಹೆಸರು ಕೊಡಬೇಕು, ಸಂಖ್ಯೆ ಬಂದವರಿಗಷ್ಟೇ ಜಾಗ ಎಂದಾಯಿತು. ಆಸ್ಪತ್ರೆಯ ವೆಬ್‌ಸೈಟಿನ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಮರುದಿನ ಗಿರಿಧರ ಮುಖ ಗಂಟಿಕ್ಕಿಕೊಂಡೇ ಬಂದ. ಭವ್ಯಾ ಕೋಡು ತಿದ್ದುವುದನ್ನು ಬೆನ್ನ ಹಿಂದೆ ನಿಂತು ನೋಡಿ, "ಇದನ್ನ ಇಲ್ಲಿ ಕೂತು ಟೆಸ್ಟ್ ಮಾಡಬೇಡ. ಅವರ ಊರಿಗೇ ಹೋಗು" ಎಂದು ತನ್ನ ಸ್ಕೂಟರಿನ ಕೀ ಮೇಜಿನ ಮೇಲಿಟ್ಟ.

ಹೊಸ ಪುಟ ತೆರೆಯುವ ದಿನ ಗುಡ್ಡದ ತಿರುವಿನಲ್ಲಿ ಕೇರಿಯ ಆರೂ ಜನ ಸೇರಿದ್ದರು. ಭವ್ಯಾ ಸ್ಕೂಟರಿನಲ್ಲಿ ಬಂದಿದ್ದಳು. ದುಗ್ಗಮ್ಮ ಕಲ್ಲಿನ ಮೇಲೆ ಕೂತಿದ್ದಳು. ಯಶೋಧಾ ಮೊದಲು ಅತ್ತೆಯ ಹೆಸರು ತುಂಬಿ ಒತ್ತಿದಳು. ಹಸಿರು ಬರಲಿಲ್ಲ. 'ನಿಮ್ಮ ಹೆಸರು ಇನ್ನೂ ತಲುಪಿಲ್ಲ. ಇಲ್ಲೇ ಇರಿ, ಮತ್ತೆ ಕಳಿಸುತ್ತಿದ್ದೇವೆ' ಎಂದು ದಪ್ಪ ಅಕ್ಷರದಲ್ಲಿ ಬಂತು. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಹದಿನೈದೇ ಜಾಗ, ಅಷ್ಟರಲ್ಲಿ ಬೇರೆಯವರಿಂದ ತುಂಬಿಹೋದರೆ ಎಂದು ಭವ್ಯಾಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಬಂತೇನೇ ಮಗಾ?" ಎಂದು ಕೇಳಿದಳು ದುಗ್ಗಮ್ಮ.

"ಇನ್ನೂ ಇಲ್ಲ ಅಜ್ಜಿ. ಬಿಸಿಲು ಜಾಸ್ತಿ ಆಯ್ತಾ? ಆ ಮರದಡಿಗೆ ಹೋಗೋಣ್ವಾ?" ಎಂದಳು ಭವ್ಯಾ.

"ಬ್ಯಾಡ. ಬಂದಿಲ್ಲ ಅಂತ ಹೇಳಿದ್ಯಲ್ಲ, ಕೂರ್ತೀನಿ. ಕಾಯೋದೇನು ಕಷ್ಟ ಅಲ್ಲ ಬಿಡು. ಅವತ್ತು ಆಗೈತೆ ಅಂತ ಮೂರು ವಾರ ಕುಷಿಯಾಗಿದ್ನಲ್ಲ, ಅದು ಕಷ್ಟ ಆತು."

ಭವ್ಯಾ ಮುದುಕಿಯ ಪಕ್ಕ ನೆಲದ ಮೇಲೆ ಕೂತಳು. ಇಪ್ಪತ್ತೆರಡನೆಯ ನಿಮಿಷಕ್ಕೆ ಯಶೋಧಾ ಕಿರುಚಿದಳು. "ಏಳು! ಏಳನೇ ನಂಬರು ಬಂತು ಅತ್ತೆ!"

ದುಗ್ಗಮ್ಮ ಏಳಲಿಲ್ಲ. "ಉಳಿದ ಐದು ಜನದ್ದೂ ಬರ್ಲಿ ತಡಿ," ಎಂದು ಭವ್ಯಾಳ ಕೈಯನ್ನು ತಡಕಿ ಹಿಡಿದುಕೊಂಡಳು.