ನಾಯಿ ಬಂತು, ಎಸರಿಡು

ಈ ಮನೆಯಲ್ಲಿ ಹೊಲದಿಂದ ನಾಯಿ ಮೊದಲು ಬರುತ್ತದೆ, ಗಂಡಸು ಆಮೇಲೆ. ನಾಯಿ ಅಂಗಳಕ್ಕೆ ಕಾಲಿಟ್ಟಾಗ ಮುದ್ದೆಗೆ ಎಸರಿಟ್ಟರೆ, ನೀರು ಕುದಿಯುವ ಹೊತ್ತಿಗೆ ಹಿಂದೆ ಬಂದವರು ಕೈಕಾಲು ತೊಳೆಯುತ್ತಿರುತ್ತಾರೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಕಾಡಂಚಿನ ಹೂಗ್ಯಂ ಊರಿಗೆ ಸೊಸೆಯಾಗಿ ಬಂದ ನನಗೆ ಅತ್ತೆ ಚಿಕ್ಕನಿಂಗಮ್ಮ ಮೊದಲು ಕಲಿಸಿದ್ದು ಇದನ್ನೇ.

ಹೋದ ವರ್ಷ ಒಂದು ಸಂಜೆ ನಮ್ಮ ನಾಯಿ ಬಿಳಿಯ ಬಂತು. ನಾನು ಎಸರಿಟ್ಟೆ. ನೀರು ಇಂಗಿತು, ಪಾತ್ರೆಯ ತಳ ಸೀದುಹೋಯಿತು. ನನ್ನ ಗಂಡ ಮೂರ್ತಿ ಬರಲಿಲ್ಲ. ಹೊಲದ ಹುಣಸೆಮರದ ಕೆಳಗೆ ಅವರನ್ನು ಆನೆ ತುಳಿದಿತ್ತು.

ಅಂದಿನಿಂದ ಮನೆಯಲ್ಲಿ ಅವರ ಸಾವಿನ ಮಾತಿಲ್ಲ. ನಾಯಿಗಳ ಮಾತಿದೆ.

ಇವತ್ತೂ ಅತ್ತೆ ಅವರೆಕಾಯಿ ಸುಲಿಯುತ್ತಾ ಶುರುಮಾಡಿದರು. ಇಲ್ಲಿ ಸಾಕಿದ್ದೆಲ್ಲ ರಾಜಪಾಳ್ಯಂ ತಳಿ. ಕರುವಿನೆತ್ತರ, ಕಾಡುಹಂದಿಗೂ ಜಗ್ಗದವು.

“ಬೊಮ್ಮ ಅಂತ ಒಂದಿತ್ತು ಕಣವ್ವ. ನಿನ್ ಗಂಡ ಚಿಕ್ಕೋನಿದ್ದಾಗ ಅದ್ರ ಬೆನ್ಮೇಲೆ ಕುಂತ್ಕಂಡು ಅಂಗ್ಡಿಗೆ ಓಯ್ತಿದ್ದ. ಬೆಲ್ಲ ತಕಂಡು ಅರ್ಧ ಅದ್ಕೆ, ಅರ್ಧ ಅವುನ್ಗೆ.”

ಮೈದುನ ನಟರಾಜು ಹೊಲಕ್ಕೆ ಹೊರಟು ನಿಂತಿದ್ದ. “ನಂಗೆ?”

“ನೀನು ಬೊಮ್ಮನ್ ತಟ್ಟೇಲೇ ಉಣ್ತಿದ್ದಲ್ಲಲಾ, ಬ್ಯಾರೆ ಯಾಕೆ?”

ಅವನು ನಕ್ಕು ಬಿಳಿಯನಿಗೆ ಸಿಳ್ಳೆ ಹಾಕಿದ. “ಮೋಟ್ರು ಆಫ್ ಮಾಡಿ ಬತ್ತೀನಿ ಅತ್ಗೆ. ಮುದ್ದೆ ಬಿಸೀಗಿರ್ಲಿ.”

“ಆನೆ ಇಳ್ದವಂತೆ, ಉಸಾರು,” ಎಂದರು ಅತ್ತೆ. ಅವನಾಗಲೇ ರಸ್ತೆಯಲ್ಲಿದ್ದ.

ಹೊತ್ತು ಇಳಿಯುವಾಗ ಬಿಳಿಯ ಬಂತು. ಬಾಲ ಕಾಲ ಸಂದಿಯಲ್ಲಿತ್ತು. ಬಾನಿಯಲ್ಲಿದ್ದ ನೀರನ್ನು ಮೂಸಲೂ ಇಲ್ಲ.

“ನಾಯಿ ಬಂತು. ಎಸರಿಡವ್ವ.”

ನಾನು ಒಲೆ ಹಚ್ಚಲಿಲ್ಲ. ಹೊಲದ ಕಡೆಯಿಂದ ಮೋಟರಿನ ಸದ್ದು ಇನ್ನೂ ಕೇಳುತ್ತಿತ್ತು.

“ಇಡವ್ವ,” ಎಂದರು ಮತ್ತೆ. ಅವರ ಕೈ ನಿಂತಿರಲಿಲ್ಲ. ಸಿಪ್ಪೆ ಬಟ್ಟಲಿಗೆ ಬೀಳುತ್ತಿತ್ತು, ಕಾಳು ನೆಲಕ್ಕೆ.

ಚಪ್ಪಲಿ ಮೆಟ್ಟಿ ಬಿಳಿಯನನ್ನು ಕರೆದುಕೊಂಡು ಹೊರಟೆ. ಊರು ದಾಟುವವರೆಗೆ ಅದು ನನ್ನ ಮುಂದಿತ್ತು. ಆಮೇಲೆ ಪಕ್ಕಕ್ಕೆ ಬಂತು. ನಮ್ಮ ರಾಗಿ ಹೊಲದ ಬದು ಹತ್ತಿದಾಗ ಹಿಂದಾಯಿತು. ತೆನೆಗಳು ಒಂದು ಕಡೆ ನೆಲಕ್ಕೆ ಮಲಗಿದ್ದವು. ನೀರು ಪೈಪಿನಿಂದ ಸುಮ್ಮನೆ ಹರಿಯುತ್ತಿತ್ತು. ಹುಣಸೆಮರದ ಬುಡದಲ್ಲಿ ನಟರಾಜುವಿನ ಒಂದು ಚಪ್ಪಲಿ ಬಿದ್ದಿತ್ತು.

ಅದರತ್ತ ಹೆಜ್ಜೆ ಇಟ್ಟೆ.

“ಅತ್ಗೆ.”

ದನಿ ಮೇಲಿನಿಂದ ಬಂತು. ಕೊಂಬೆ ತಬ್ಬಿಕೊಂಡು ಕುಳಿತಿದ್ದ. ಬದುಕಿದ್ದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿತ್ತು.

“ನಿಂತ್ಕಳಿ. ಅಲ್ಲೇ. ಅಲ್ಲಾಡ್ಬ್ಯಾಡಿ.”

ಬೇಲಿಯ ಲಂಟಾನ ಪೊದೆಯೊಳಗೆ ಏನೋ ದೊಡ್ಡದು ಉಸಿರು ಬಿಟ್ಟಿತು. ಬಿಳಿಯ ಒಂದು ಗಳಿಗೆ ನನ್ನ ಕಾಲಿಗೆ ಒರಗಿ ನಿಂತಿತು. ಅದರ ಮೈ ನಡುಗುತ್ತಿತ್ತು. ಆಮೇಲೆ ಬದು ಹಾರಿ, ಬಂದ ದಾರಿಯಲ್ಲೇ ಓಡಿತು.

ಅದು ಅಂಗಳ ಮುಟ್ಟಿದ ಕೂಡಲೇ ಅತ್ತೆ ಎದ್ದು ಎಸರಿಡುತ್ತಾರೆ.