ಒಂದೇ ಒಂದು ಗಾಡಿ

ಸೇತುವೆಯ ಅಡಿಗೆ ಕಟ್ಟಿದ್ದ ಏಣಿಯ ಕೊನೆಯ ಮೆಟ್ಟಿಲಲ್ಲಿ ತಮ್ಮನ ಕಾಲು ಜಾರಿತು. ಹಲಗೆಯ ಮೇಲೆ ಕೂತಿದ್ದ ಅಣ್ಣ ಥಟ್ಟನೆ ಕೈ ಚಾಚಿದ. ತಮ್ಮ ಅದನ್ನು ಹಿಡಿಯದೆ ಕಂಬಿ ಹಿಡಿದುಕೊಂಡೇ ಹತ್ತಿದ. ಹದಿನೇಳು ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಈ ಬೆಳಿಗ್ಗೆ ತಮ್ಮ ತಾನಾಗಿಯೇ ಬಂದು, ಸೇತುವೆಯ ಆ ಬಿರುಕನ್ನು ಕಣ್ಣಾರೆ ನೋಡಬೇಕು ಎಂದಿದ್ದ.

ನದಿಯೊಳಗಿನ ನಡುಗಡ್ಡೆಗೆ ಅಕ್ಕಪಕ್ಕ ಎರಡು ಹೆದ್ದಾರಿ ಸೇತುವೆಗಳು, ಹೋಗಲೊಂದು, ಬರಲೊಂದು. ಎರಡರ ತಪಾಸಣೆಯೂ ಅಣ್ಣನದೇ. ತೊಲೆಯಲ್ಲಿ ಬಿರುಕು ಕಂಡ ದಿನವೇ, ನಡುಗಡ್ಡೆಯಿಂದ ಬರುವ ಸೇತುವೆಯನ್ನು ಮುಚ್ಚಿಸಿದ್ದ. ಎರಡೂ ದಿಕ್ಕಿನ ಗಾಡಿಗಳು ಇನ್ನೊಂದರ ಮೇಲೆ ತೆವಳತೊಡಗಿದವು. ಮೂರನೆಯ ಮಧ್ಯಾಹ್ನ ನಡುಗಡ್ಡೆಯ ಮನೆಯಲ್ಲಿ ತಮ್ಮನ ಹೆಂಡತಿಗೆ ಎದೆನೋವು ಬಂತು. ಅವಳನ್ನು ಹೊತ್ತ ಆಂಬುಲೆನ್ಸ್ ಸೇತುವೆಯ ಬಾಯಲ್ಲೇ ಸಿಕ್ಕಿಕೊಂಡಿತು. ಪಕ್ಕದ ಮುಚ್ಚಿದ ಸೇತುವೆ ಬಣಬಣ ಅನ್ನುತ್ತಿತ್ತು.

"ಅಣ್ಣಾ, ಒಂದೇ ಒಂದು ಗಾಡಿ. ತಡೆ ತೆಗೆಸು," ಎಂದು ತಮ್ಮ ಫೋನು ಮಾಡಿದ.

ಅಣ್ಣ ಆಗಲ್ಲ ಎಂದ. ಪೊಲೀಸರಿಗೆ ಹೇಳಿ ದಾರಿ ಬಿಡಿಸುತ್ತೇನೆ ಎಂದ, ಬಿಡಿಸಿದ ಕೂಡ. ಅಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಜೀವ ಹೋಗಿದೆ ಎಂದುಬಿಟ್ಟರು. ಭಾವನಿಗೆ ಸೇತುವೆಯ ಮೊಳೆಮೊಳೆಯೂ ನೆನಪಿರುತ್ತೆ, ತನ್ನ ಕೊಡೆ ಎಲ್ಲಿಟ್ಟೆ ಅನ್ನೋದು ಮಾತ್ರ ನೆನಪಿರಲ್ಲ ಎಂದು ಎಂಟು ವರ್ಷ ಛೇಡಿಸಿದ್ದ ಹುಡುಗಿ ಅವಳು.

ಅಣ್ಣ ಟಾರ್ಚ್ ಬಿಟ್ಟು ತೋರಿಸಿದ. ಕೂದಲಿನಷ್ಟು ತೆಳ್ಳಗೆ ಶುರುವಾದ ಬಿರುಕು ಬೆಸುಗೆಯ ಹತ್ತಿರ ಉಗುರು ತೂರುವಷ್ಟು ಅಗಲವಾಗಿತ್ತು. ತಮ್ಮ ಅದರುದ್ದಕ್ಕೂ ಬೆರಳಾಡಿಸಿದ.

"ಒಂದು ಗಾಡಿಯ ಭಾರ ತಡೀತಿತ್ತಾ?"

ಇಲ್ಲ ಅಂದುಬಿಟ್ಟರೆ ಇಬ್ಬರಿಗೂ ಹಗುರಾಗುತ್ತಿತ್ತು. ಆ ಮಾತು ಅಣ್ಣನ ನಾಲಿಗೆ ತುದಿಗೆ ಬಂದೂ ಇತ್ತು.

"ತಡೀತಿತ್ತೇನೋ," ಎಂದ. "ನಂಗೆ ಗೊತ್ತಿಲ್ಲ ಕಣೋ. ಅವತ್ತೂ ಗೊತ್ತಿರ್ಲಿಲ್ಲ."

ಇವನು ಬೈದಾದರೂ ಬಿಡಬಾರದೇ ಅನ್ನಿಸಿತು ಅಣ್ಣನಿಗೆ. ತಮ್ಮ ತುಕ್ಕು ಹತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮನೆಗೆ ಬಾ. ಅವಳು ಒಗೆದು ಒಣಗಿಸಿದ್ದೆಲ್ಲ ಇನ್ನೂ ಹಾಗೇ ಬಿದ್ದಿದೆ. ನನ್ನೊಬ್ಬನ ಕೈಲಿ ಆಗ್ತಿಲ್ಲ."

ಮನೆಯಲ್ಲಿ ಕುರ್ಚಿಗಳ ಮೇಲೆಲ್ಲ ಬಟ್ಟೆ. ಸಣ್ಣಪುಟ್ಟವನ್ನು ಇಬ್ಬರೂ ಮಡಚಿಟ್ಟರು. ಉಳಿದದ್ದು ದೊಡ್ಡ ಹೊದಿಕೆಯೊಂದೇ. ತಮ್ಮ ಎರಡು ಮೂಲೆ ಹಿಡಿದ, ಅಣ್ಣ ಎರಡು. ಒಮ್ಮೆ ಕೊಡವಿ, ಎದುರುಬದುರು ಹೆಜ್ಜೆಯಿಟ್ಟು ಹತ್ತಿರ ಬಂದರು. ತಮ್ಮ ತನ್ನ ಮೂಲೆಗಳನ್ನು ಅಣ್ಣನ ಕೈಗೆ ಕೊಟ್ಟು, ಕೆಳಗೆ ಜೋಲುತ್ತಿದ್ದ ಅಂಚನ್ನು ಎತ್ತಿಕೊಳ್ಳಲು ಬಗ್ಗಿದ.