ಆಕೆ ಯಾರ ಹಿಂದೆ ಅಡಗಿದಳು

2019ರ ಅಕ್ಟೋಬರ್ 17, ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಅರಿಜೋನಾದ ಸ್ಯಾಫರ್ಡ್ ಊರಿನ ಒಂದು ದಿನಸಿ ಮಳಿಗೆಯ ಎದುರು ವೆಂಡೆಲ್ ಪ್ರ್ಯಾಟ್ ನಾಯಿಯ ಊಟದ ಮೂಟೆಯನ್ನು ತಳ್ಳುಗಾಡಿಯಿಂದ ಎತ್ತಿ ತನ್ನ ಟ್ರಕ್ಕಿಗೆ ಹಾಕುತ್ತಿದ್ದ. ಮಳಿಗೆಯ ಪಕ್ಕದಲ್ಲಿ ಹಸಿಮೆಣಸಿನಕಾಯಿ ಸುಡುವ ಜಾಲರಿಯ ಪೀಪಾಯಿ ಉರಿಯ ಮೇಲೆ ಗಿರಗಿರ ತಿರುಗುತ್ತಿತ್ತು. ಅದರ ಮುಂದೆ ಹತ್ತು ಹನ್ನೆರಡು ಜನ ಚೀಲ ಹಿಡಿದು ಸರದಿಯಲ್ಲಿ ನಿಂತಿದ್ದರು. ಹತ್ತಿ ಬಿಡಿಸುವ ಕಾಲವಾದ್ದರಿಂದ ರಸ್ತೆಯ ಅಂಚಿನುದ್ದಕ್ಕೂ ಬಿಳಿಯ ಎಳೆಗಳು ಹಾರಿ ಬಿದ್ದಿದ್ದವು.

ವೆಂಡೆಲನ ಬಲ ಸೊಂಟದಲ್ಲಿ ಚರ್ಮದ ಒರೆ, ಒರೆಯಲ್ಲಿ ಎಲ್ಲರಿಗೂ ಕಾಣುವಂತೆ ಪಿಸ್ತೂಲು. ಆ ಊರಿನಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಮೂವತ್ತು ವರ್ಷ ಜಮೀನು ಅಳೆಯುವ ಸರ್ವೇಯರ್ ಆಗಿದ್ದವನು ಅವನು. ಮರುಭೂಮಿಯಲ್ಲಿ ಒಂಟಿಯಾಗಿ ಗಡಿಕಲ್ಲು ಹುಡುಕುವಾಗ ಹಾವಿನ ಭಯಕ್ಕೆಂದು ಕಟ್ಟಿಕೊಂಡದ್ದು ಆಮೇಲೆ ಊರಿನೊಳಗೂ ಸೊಂಟ ಬಿಡಲಿಲ್ಲ. ಕಟ್ಟಿಕೊಂಡ ಹನ್ನೊಂದು ವರ್ಷಗಳಲ್ಲಿ ಮನುಷ್ಯರ ಎದುರು ಅದನ್ನು ಒಮ್ಮೆಯೂ ತೆಗೆದಿರಲಿಲ್ಲ.

"ಬಿಡೋ ನನ್ನ! ಯಾರೋ ನೀನು? ಅಯ್ಯೋ, ಯಾರಾದ್ರೂ ಬನ್ನಿ, ಇವನು ನನ್ನ ಎಳ್ಕೊಂಡು ಹೋಗ್ತಿದಾನೆ!"

ಕೂಗು ಒಂದು ಸಲ ಸ್ಪ್ಯಾನಿಷಿನಲ್ಲಿ, ಇನ್ನೊಂದು ಸಲ ಇಂಗ್ಲಿಷಿನಲ್ಲಿ ಬಂತು. ಮುಂದಿನ ಸಾಲಿನಲ್ಲಿ ಒಂದು ಬಿಳಿ ಟ್ರಕ್ಕು. ಗಡ್ಡ ಬಿಟ್ಟ, ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಗಂಡಸೊಬ್ಬ ನೇರಳೆ ಸ್ವೆಟರಿನ ಮುದುಕಿಯ ಸೊಂಟಕ್ಕೆ ಕೈ ಹಾಕಿ ಒಳಗೆ ಕೂರಿಸಲು ಹೆಣಗುತ್ತಿದ್ದ. ಆಕೆ ಬಾಗಿಲಿಗೆ ಕಾಲು ಕೊಟ್ಟು ಒದೆಯುತ್ತಿದ್ದಳು. ಒಂದು ಚಪ್ಪಲಿ ನೆಲಕ್ಕೆ ಬಿದ್ದಿತ್ತು. ಪಕ್ಕದ ಕಾರಿಗೆ ಸಾಮಾನು ತುಂಬುತ್ತಿದ್ದ ಹೆಂಗಸು ಒಮ್ಮೆ ನೋಡಿ ಮುಖ ತಿರುಗಿಸಿದಳು. ಇಬ್ಬರು ಫೋನ್ ಎತ್ತಿ ಹಿಡಿದರು.

ವೆಂಡೆಲನಿಗೆ ರಾಯ್ಸ್ ಟಿಡ್‌ವೆಲ್ ನೆನಪಾದ. ರಾಯ್ಸ್ ಅವನ ಇಪ್ಪತ್ತು ವರ್ಷದ ಗೆಳೆಯ. ಶನಿವಾರಗಳಂದು ಪಿಸ್ತೂಲು ಹಿಡಿಯುವ ಪಾಠ ಹೇಳುತ್ತಾನೆ. ಅವನ ತಂಗಿಯನ್ನು ಟೂಸಾನ್ ನಗರದ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹಾಡಹಗಲೇ ಬಡಿದು, ಆಕೆಯ ಎಡಗಣ್ಣು ಹೋಗಿತ್ತು. "ಒಂಬತ್ತು ಜನ. ಒಂಬತ್ತು ಜನ ನಿಂತು ನೋಡ್ತಿದ್ರು," ಎಂದು ಪ್ರತಿ ಪಾಠದಲ್ಲೂ ರಾಯ್ಸ್ ಹೇಳುತ್ತಾನೆ. ಹತ್ತನೆಯವನು ತಾನಾಗಬಾರದು ಎಂದುಕೊಂಡು ವೆಂಡೆಲ್ ಮೂಟೆ ಬಿಟ್ಟು ಹೊರಟ.

"ಏಯ್! ಬಿಡು ಅವರನ್ನ!"

"ನಮ್ಮಮ್ಮ ಕಣ್ರೀ ಇವ್ರು!" ಗಡ್ಡದವನು ತಿರುಗದೆಯೇ ಕೂಗಿದ.

"ಸುಳ್ಳು! ಬರೀ ಸುಳ್ಳು! ಇವನ ಮುಖಾನೇ ನಾನು ನೋಡಿಲ್ಲ!"

ಆಕೆಯ ದನಿಯಲ್ಲಿ ನಟನೆ ಇರಲಿಲ್ಲ. ಅದನ್ನು ಕೇಳಿದ ಯಾರಾದರೂ ಸರಿ, ಆಕೆ ನಿಜ ಹೇಳುತ್ತಿದ್ದಾಳೆಂದು ಪ್ರಮಾಣ ಮಾಡುತ್ತಿದ್ದರು. ವೆಂಡೆಲನ ಹೆಬ್ಬೆರಳು ಒರೆಯ ಪಟ್ಟಿಯ ಗುಂಡಿಯನ್ನು ಬಿಚ್ಚಿತು. ಪಿಸ್ತೂಲು ಹೊರಗೆ ಬಂತು. ನಳಿಗೆ ಇನ್ನೂ ನೆಲದ ಕಡೆಗೇ ಇತ್ತು.

ಗಡ್ಡದವನು ಆಗ ತಿರುಗಿದ. ಅವನ ಮುಖ ಬಿಳಿಚಿಕೊಂಡಿತು. ಎಡಗೈಯನ್ನು ಅಂಗೈ ತೋರಿಸಿ ನಿಧಾನವಾಗಿ ಮೇಲೆತ್ತಿದ. ಬಲಗೈ ಎಲ್ಲಿತ್ತೆಂದು ವೆಂಡೆಲನಿಗೆ ಆಮೇಲೆ ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ.

ಮುದುಕಿಯೂ ಪಿಸ್ತೂಲನ್ನು ನೋಡಿದಳು. ಒದೆಯುವುದು ನಿಂತಿತು. ಎರಡೇ ಹೆಜ್ಜೆಯಲ್ಲಿ ಸರಿದು, ತಾನು ಈವರೆಗೆ ಒದೆಯುತ್ತಿದ್ದವನ ಬೆನ್ನ ಹಿಂದೆ ಹೋಗಿ, ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮುಖ ಅಡಗಿಸಿಕೊಂಡಳು. "ಹೊಡೀಬೇಡಪ್ಪಾ," ಎಂದು ಬೆನ್ನ ಹಿಂದಿನಿಂದ ಕೇಳಿಸಿತು. "ಇವನನ್ನ ಹೊಡೀಬೇಡ."

ವೆಂಡೆಲ್ ಪಿಸ್ತೂಲನ್ನು ಒರೆಗೆ ಸೇರಿಸಿ ಗುಂಡಿ ಹಾಕಿದ. ಗಡ್ಡದವನು ಚಪ್ಪಲಿ ಎತ್ತಿಕೊಂಡು, ಈಗ ಮಗುವಿನಂತೆ ತಾನಾಗಿ ಹತ್ತಿ ಕುಳಿತ ಆಕೆಗೆ ಅದನ್ನು ತೊಡಿಸಿ ಹೊರಟುಹೋದ. ಟ್ರಕ್ಕು ಪಕ್ಕಕ್ಕೆ ಸರಿದ ಮೇಲೆ ಅದರ ಹಿಂದೆ ಏನಿತ್ತೆಂದು ವೆಂಡೆಲನಿಗೆ ಕಂಡಿತು: ಮೆಣಸಿನಕಾಯಿಯ ಸರದಿ. ಯಾರೂ ಕದಲದೆ ಅವನನ್ನೇ ನೋಡುತ್ತಿದ್ದರು.

ಅರ್ಧ ಗಂಟೆಯಲ್ಲಿ ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಗಡ್ಡದವನು ದೂರು ಕೊಡುವುದಿಲ್ಲ ಎಂದನಂತೆ. ಅಲ್ಲಿಗೆ ಕಾನೂನಿನ ಲೆಕ್ಕ ಮುಗಿಯಿತು.

ವೆಂಡೆಲನ ಲೆಕ್ಕ ಮುಗಿಯಲಿಲ್ಲ. ಜಮೀನಿನ ಸುತ್ತ ಅಳೆಯುತ್ತಾ ಹೊರಟರೆ ಕೊನೆಯ ಗೆರೆ ಮೊದಲ ಗೂಟಕ್ಕೇ ಬಂದು ಮುಟ್ಟಬೇಕು. ಮುಟ್ಟದಿದ್ದರೆ ನಡುವೆ ಎಲ್ಲೋ ಒಂದು ಕಡೆ ಸರ್ವೇಯರ್ ಅಳತೆ ತಪ್ಪಾಗಿ ಓದಿದ್ದಾನೆ ಎಂದರ್ಥ, ಹಿಂದಕ್ಕೆ ಹೋಗಿ ಮತ್ತೆ ಓದಬೇಕು. ಎರಡು ದಿನ ಅವನು ಆ ಹದಿನೈದು ಸೆಕೆಂಡುಗಳನ್ನು ಹಿಂದೆ ಮುಂದೆ ನಡೆದು ನೋಡಿದ.

"ಅವನ್ಯಾರೋ ಗೊತ್ತಿಲ್ಲ ಅಂತ ಕೂಗ್ತಿದ್ಲು," ಎಂದ ಹೆಂಡತಿಗೆ. ಕೋರೀನ್ ಶಾಲೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. "ಗೊತ್ತಿಲ್ಲದವನ ಹಿಂದೆ ಹೋಗಿ ಯಾಕೆ ಅಡಗಿದ್ಲು?"

"ಮರೆವಿನ ಕಾಯಿಲೆ ಇರಬೇಕು. ಮಗನ ಗುರುತು ಸಿಕ್ಕಿಲ್ಲ."

"ಅದು ಸರಿ. ಗುರುತು ಸಿಕ್ಕಿಲ್ಲ ಅಂದ್ಮೇಲೆ ಅಡಗಿದ್ದು ಯಾಕೆ? ನಾನಲ್ವಾ ಕಾಪಾಡೋಕೆ ಹೋದವನು?"

ಕೋರೀನ್ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ನನ್ನನ್ನ ಯಾಕೆ ಕೇಳ್ತೀಯ? ಅವರನ್ನ ಹೋಗಿ ಕೇಳು. ಎರಡು ದಿನದಿಂದ ಈ ಮನೇಲಿ ಅಳತೆ ನಡೀತಿದೆ, ನನಗಂತೂ ನಿದ್ದೆ ಇಲ್ಲ."

ಕೇಳಲು ಹೋಗದಿರುವುದು ಸುಲಭವಿತ್ತು. ಆದರೆ ಇನ್ನೊಮ್ಮೆ ಎಲ್ಲಾದರೂ ಯಾರಾದರೂ ಕೂಗಿದರೆ ತನ್ನ ಕೈಯನ್ನು ತಾನು ನಂಬಬಹುದೇ, ಅದು ಅವನಿಗೆ ತಿಳಿಯಬೇಕಿತ್ತು. ಆ ಬಿಳಿ ಟ್ರಕ್ಕಿನ ಬಾಗಿಲ ಮೇಲೆ 'ಬರ್ರೇರಾ, ಕೊಳವೆ ಬಾವಿ ಮತ್ತು ಪಂಪು ರಿಪೇರಿ' ಎಂದು ಬರೆದಿದ್ದು ನೆನಪಿತ್ತು. ಭಾನುವಾರ ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಹೋದ.

ಗಡ್ಡದವನೇ ಬಾಗಿಲು ತೆರೆದ. ಜಾಲರಿ ಬಾಗಿಲಿನ ಕೊಂಡಿ ಮಾತ್ರ ತೆಗೆಯಲಿಲ್ಲ. ಅವನ ಕಣ್ಣು ಮೊದಲು ಹೋದದ್ದು ವೆಂಡೆಲನ ಸೊಂಟಕ್ಕೆ.

"ಎಲ್ಲಿ ಅದು?"

"ಗಾಡೀಲಿ ಬೀಗ ಹಾಕಿಟ್ಟಿದೀನಿ. ನಾನು ವೆಂಡೆಲ್ ಪ್ರ್ಯಾಟ್. ಕ್ಷಮೆ ಕೇಳೋಕೆ ಬಂದೆ. ಆಮೇಲೆ... ಒಂದು ಪ್ರಶ್ನೆನೂ ಇದೆ."

"ಕ್ಷಮೆ ಕೇಳೋರು ಪ್ರಶ್ನೆ ತರ್ತಾರಾ?" ಆತ ಕೊಂಡಿ ತೆಗೆದು ತಾನೇ ಹೊರಗೆ ಬಂದ. "ನಾನು ಎಫ್ರೇನ್. ಇಲ್ಲೇ ಕೂತ್ಕೊಳ್ಳಿ. ಒಳಗೆ ಅಮ್ಮ ಮಲಗಿದಾಳೆ."

ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ವೆಂಡೆಲ್ ತಾನು ಕಂಡದ್ದನ್ನು, ಕೇಳಿದ್ದನ್ನು, ಮಾಡಿದ್ದನ್ನು ಒಂದೊಂದಾಗಿ ಹೇಳಿದ.

"ಯಜಮಾನ್ರೇ, ನಿಜ ಹೇಳ್ಲಾ? ನಿಮ್ಮನ್ನ ಬೈಯ್ಯೋಕೆ ಮೂರು ದಿನದಿಂದ ಮಾತು ಜೋಡಿಸ್ಕೊಂಡಿದೀನಿ. ಬಾಯಿಗೆ ಬರ್ತಿಲ್ಲ. ಯಾವುದೋ ಮುದುಕಿ ಹಾಗೆ ಕೂಗಿದ್ರೆ ನಾನೂ ಬರ್ತಿದ್ದೆ. ಫೋನ್ ಎತ್ತಿ ವಿಡಿಯೋ ತೆಗೀತಿದ್ರಲ್ಲ, ಅವರಿಗಿಂತ ನೀವೇ ವಾಸಿ. ಅದೇ ನನ್ನ ಕಷ್ಟ."

"ನಿಮ್ಮ ಬಲಗೈ ಎಲ್ಲಿತ್ತು?"

ಎಫ್ರೇನ್ ತಿರುಗಿ ನೋಡಿದ. "ಇದೇನಾ ಪ್ರಶ್ನೆ?"

"ಇದೂ ಒಂದು."

"ನನ್ನ ಹತ್ರಾನೂ ಇತ್ತು. ಅಂಗಿ ಒಳಗೆ, ಬೆನ್ನಿಗೆ. ಬಾವಿ ಕೆಲಸ, ಎಲ್ಲೆಲ್ಲೋ ಒಬ್ಬನೇ ಹೋಗ್ತೀನಿ. ನೀವು ತೆಗೆದದ್ದು ನೋಡಿದ ತಕ್ಷಣ ನನ್ನ ಕೈ ಅಲ್ಲಿಗೆ ಹೊರಟಿತ್ತು. ಅಷ್ಟರಲ್ಲಿ ಅಮ್ಮ ಬಂದು ಅಲ್ಲೇ ಹಿಡ್ಕೊಂಡ್ಲು. ಅಂಗಿ, ಪಿಸ್ತೂಲು, ಎಲ್ಲ ಒಟ್ಟಿಗೆ. ಕೈ ಒಳಗೆ ಹೋಗ್ಲೇ ಇಲ್ಲ."

ವೆಂಡೆಲ್ ಮನಸ್ಸಿನಲ್ಲೇ ಆ ಜಾಗವನ್ನು ಮತ್ತೆ ಅಳೆದ. ತನ್ನ ಪಿಸ್ತೂಲಿನ ದಾರಿಯಲ್ಲಿ ಮೆಣಸಿನಕಾಯಿಯ ಸರದಿಯ ಜನವಿದ್ದರು, ಎಫ್ರೇನನ ಪಿಸ್ತೂಲಿನ ಎದುರು ತಾನಿದ್ದ. ನಡುವೆ ಮುದುಕಿಯೊಬ್ಬಳ ಮುಷ್ಟಿ.

"ಅವರಿಗೆ ಅದು ಅಲ್ಲಿದೆ ಅಂತ ಗೊತ್ತಿತ್ತಾ?"

"ಬೆಳಗಿನ ತಿಂಡಿ ತಿಂದದ್ದೇ ಗೊತ್ತಿರಲ್ಲ ಆಕೆಗೆ."

"ಹಾಗಾದ್ರೆ ನಿಮ್ಮ ಹಿಂದೆ ಯಾಕೆ ಬಂದ್ರು? ನಿಮ್ಮ ಗುರುತು ಸಿಕ್ತಾ?"

"ಇಲ್ಲ. ಮನೆಗೆ ಬಂದ್ಮೇಲೂ 'ನೀನ್ಯಾರಪ್ಪಾ' ಅಂತಾನೇ ಕೇಳಿದ್ಲು. ಅಂಗಿ ಮಾತ್ರ ಅರ್ಧ ಗಂಟೆ ಬಿಡ್ಲಿಲ್ಲ." ಎಫ್ರೇನ್ ಗಡ್ಡ ಉಜ್ಜಿಕೊಂಡ. "ನಾನೂ ಅದನ್ನೇ ಯೋಚಿಸ್ತಿದೀನಿ. ಗೊತ್ತಾದ್ರೆ ನಿಮಗೂ ಹೇಳ್ತೀನಿ."

ಒಳಗಿನಿಂದ ಸದ್ದು ಕೇಳಿಸಿತು. ಎಫ್ರೇನನ ತಾಯಿ ಒಟಿಲಿಯಾ ಅದೇ ನೇರಳೆ ಸ್ವೆಟರಿನಲ್ಲಿ ಬಾಗಿಲ ಬಳಿ ನಿಂತಿದ್ದಳು. ವೆಂಡೆಲನನ್ನು ನೋಡಿ ನಕ್ಕಳು. ಅವನ ಬಗ್ಗೆ ಆಕೆಯ ನೆನಪಿನಲ್ಲಿ ಏನೂ ಉಳಿದಿರಲಿಲ್ಲ.

"ಬಾವಿ ವಿಷಯಕ್ಕೆ ಬಂದ್ರಾ?"

"ಇಲ್ಲಮ್ಮ. ನಾನು ಜಮೀನು ಅಳೆಯೋನು."

"ಓ, ಯಾರದ್ದು ಎಲ್ಲಿಗೆ ಮುಗೀತು ಅಂತ ಹೇಳೋರು." ರಸ್ತೆಯ ಕಡೆ ಕತ್ತು ಚಾಚಿದಳು. "ಕೂತಿರಿ, ನನ್ನ ಮಗ ಬರೋ ಹೊತ್ತಾಯ್ತು. ಶಾಲೆಗೆ ಹೋಗಿದಾನೆ. ಆರು ವರ್ಷ ಅವನಿಗೆ, ಭಾರಿ ತುಂಟ."

ಎಫ್ರೇನ್ ತನ್ನ ಬೂಟುಗಳನ್ನು ನೋಡುತ್ತಾ ಕುಳಿತ.

ಹೊರಡುವ ಮುಂಚೆ ವೆಂಡೆಲ್ ಕೇಳಿದ: "ನಾನು ಏನು ಮಾಡ್ಬೇಕಿತ್ತು?"

"ಹತ್ರ ಬಂದು 'ಏನಾಯ್ತಮ್ಮ' ಅಂದಿದ್ರೆ ಸಾಕಿತ್ತು. ಬಾಯಲ್ಲಿ. ಆಕೆಗೆ ಮಾತಾಡೋರು ಸಿಕ್ರೆ ಸಿಟ್ಟು ಮರೆತುಹೋಗುತ್ತೆ. ಪ್ರತಿ ಗುರುವಾರ ಇದೇ ಕಥೆ. ಅಂಗಡಿ ಬಾಗಿಲಿಂದ ಗಾಡಿಗೆ ಕರ್ಕೊಂಡು ಬರೋಷ್ಟರಲ್ಲಿ ನಾನು ಕಳ್ಳ ಆಗಿರ್ತೀನಿ."

ಮಂಗಳವಾರ ಬೆಳಿಗ್ಗೆ ಹೋಟೆಲಿನಲ್ಲಿ ರಾಯ್ಸ್ ಎಲ್ಲವನ್ನೂ ಕೇಳಿ, ಮೊಟ್ಟೆಯ ಮೇಲೆ ಖಾರದ ಗೊಜ್ಜು ಸುರಿದುಕೊಂಡ.

"ಮುಂದಿನ ಸಲ ನಿನ್ನ ಸರ್ವೇ ಮುಕ್ಕಾಲಿ ತಗೊಂಡು ಹೋಗು. ನಿಲ್ಲಿಸಿ, ಮಟ್ಟ ನೋಡಿ, ಆಮೇಲೆ ಕಳ್ಳನೋ ಮಗನೋ ತೀರ್ಮಾನ ಮಾಡು."

"ನಗಬೇಡ ಕಣೋ. ನಾನು ಅವನನ್ನ ಕೊಲ್ತಿದ್ದೆ. ಇಲ್ಲಾ ಅವನು ನನ್ನನ್ನ."

"ಕೊಂದ್ಯಾ? ಇಲ್ವಲ್ಲ." ರಾಯ್ಸನ ನಗು ನಿಂತಿತು. "ನಿಜವಾಗ್ಲೂ ಎತ್ಕೊಂಡು ಹೋಗೋನು ಆಗಿದ್ರೆ? 'ಏನಾಯ್ತಮ್ಮ' ಅಂತ ಪಕ್ಕಕ್ಕೆ ಹೋಗಿ ನಿಲ್ತಿದ್ಯಾ? ಅವನು ನಿನ್ನ ಹೊಟ್ಟೆಗೆ ಚಾಕು ಹಾಕ್ತಿದ್ದ."

"ಹಾಕಬಹುದಿತ್ತು."

"ನನ್ನ ತಂಗೀನ ನೋಡ್ತಾ ನಿಂತ ಒಂಬತ್ತು ಜನಕ್ಕೂ ಒಂದೊಂದು ಕಾರಣ ಇತ್ತು, ವೆಂಡೆಲ್."

"ನಾನು ದೂರ ನಿಂತ್ಕೋ ಅಂತಿಲ್ಲ. ಇನ್ನೂ ಹತ್ರ ಹೋಗ್ಬೇಕಿತ್ತು ಅಂತಿದೀನಿ. ದೂರದಿಂದ ಕಾಣ್ಲಿಲ್ಲ ನಂಗೆ."

ರಾಯ್ಸ್ ಮೊಟ್ಟೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಶನಿವಾರ ಬಂದು ಇದನ್ನೇ ಹುಡುಗರ ಮುಂದೆ ಹೇಳು," ಎಂದ ಕೊನೆಗೆ. "ನಾನು ಒಪ್ಪಲ್ಲ. ಆದ್ರೂ ಹೇಳು."

ಗುರುವಾರ ವೆಂಡೆಲ್ ನಾಲ್ಕು ಗಂಟೆಗೆ ಮಳಿಗೆಯ ಬಾಗಿಲಲ್ಲಿದ್ದ. ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲಿತ್ತು. ನಾಳೆ ಅದನ್ನು ಕಟ್ಟಿಕೊಳ್ಳುತ್ತಾನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಎಫ್ರೇನ್ ತಳ್ಳುಗಾಡಿಯೊಂದಿಗೆ ಹೊರಗೆ ಬಂದು, ಅವನನ್ನು ಕಂಡು, ಏನೂ ಕೇಳದೆ ಹುಬ್ಬು ಮಾತ್ರ ಎತ್ತಿದ. ಒಟಿಲಿಯಾ ಆಗಲೇ ಮಗನ ಕೈ ಕೊಡವುತ್ತಿದ್ದಳು.

"ಏನಾಯ್ತಮ್ಮ?"

"ನೋಡಪ್ಪ, ಇವನ್ಯಾರೋ ಬಾ ಬಾ ಅಂತ ಪೀಡಿಸ್ತಿದಾನೆ. ನೀನಾದ್ರೂ ನನ್ನ ಮನೆಗೆ ಬಿಡು."

ವೆಂಡೆಲ್ ಮೊಳಕೈ ಚಾಚಿದ. ಆಕೆ ಹಿಡಿದುಕೊಂಡಳು. ಪ್ರತಿ ಕಾರಿನ ಹತ್ತಿರವೂ ನಿಂತು ನಂಬರ್ ಓದಿದಳು. ಮೆಣಸಿನಕಾಯಿಯ ಹೊಗೆಗೆ ಎರಡು ಸಲ ಸೀನಿದಳು. ಯಾರದೋ ನಾಯಿಗೆ ಹೆಸರಿಟ್ಟಳು. ನಡುದಾರಿಯಲ್ಲಿ ವೆಂಡೆಲನ ಕಿವಿಯ ಹತ್ತಿರ ವಾಲಿ ಪಿಸುಗುಟ್ಟಿದಳು.

"ಆ ಗಡ್ಡದವನು ನಮ್ಮ ಹಿಂದೆನೇ ಬರ್ತಿದಾನೆ."

"ಬರ್ಲಿ ಬಿಡಿ. ಸಾಮಾನು ತರ್ತಿದಾನೆ."

"ಒಳ್ಳೇವ್ನಾ?"

"ಒಳ್ಳೇವ್ನು."

"ನಿಂಗೆ ಹೇಗೆ ಗೊತ್ತು?"

"ಹೋಗಿ ಕೇಳ್ದೆ," ಎಂದ ವೆಂಡೆಲ್.

ಆಕೆ ಅದನ್ನು ಯೋಚಿಸುತ್ತಾ ಒಂದು ಕಾರಿನಷ್ಟು ದೂರ ನಡೆದಳು. ಟ್ರಕ್ಕಿನ ಹತ್ತಿರ ತಾನಾಗಿಯೇ ಹತ್ತಿ ಕುಳಿತಳು. ವೆಂಡೆಲ್ ಅಭ್ಯಾಸಬಲದಿಂದ ಹೆಜ್ಜೆ ಎಣಿಸಿದ್ದ. ಮಳಿಗೆಯ ಬಾಗಿಲಿನಿಂದ ಟ್ರಕ್ಕಿಗೆ ನೂರ ಹದಿನಾಲ್ಕು ಅಡಿ. ನಡೆಯಲು ಹದಿನೇಳು ನಿಮಿಷ ಹಿಡಿಯಿತು.